ನಾಲ್ಕು ಬಾಯಿಗೆ ಒಂದೊಂದು ಚಿಟಿಕೆ

"ಮುಟ್ಟಬ್ಯಾಡ್ರಿ ಅಕ್ಕಾ, ಕೈಗಿ ಚುಚ್ಚತದ," ಎಂದ ಗುರುಲಿಂಗ.

ಅವನು ಹೇಳಿ ಮುಗಿಸುವ ಮೊದಲೇ ನಾನು ಸಿಲಿಂಡರಿನೊಳಗೆ ಬೆರಳಾಡಿಸಿಯಾಗಿತ್ತು. ವಿಮಾ ಕಂಪನಿಯಲ್ಲಿ ಜಖಂ ಆದ ಗಾಡಿಗಳನ್ನೇ ನೋಡುತ್ತ ಕೂದಲು ನರೆಸಿಕೊಂಡವಳು ನಾನು. ಬೇಡ ಎಂದದ್ದನ್ನು ಮುಟ್ಟುವ ಚಟ ಆಗ ಅಂಟಿದ್ದು, ನಿವೃತ್ತಿಯಾದ ಮೇಲೂ ಹೋಗಿಲ್ಲ.

ಕನ್ನಡಿಯಂತೆ ನುಣ್ಣಗಿರಬೇಕಾದ ಗೋಡೆಯ ತುಂಬ ಮೇಲಿಂದ ಕೆಳಗೆ ಎಳೆದ ಗೀರುಗಳು. ಒಂದರಲ್ಲಲ್ಲ, ನಾಲ್ಕೂ ಸಿಲಿಂಡರುಗಳಲ್ಲಿ.

ಇದೇ ಎಂಜಿನ್ ತಾಂಡೂರಿನ ರಸ್ತೆಯಲ್ಲಿ ಭರ್ರನೆ ಓಡುತ್ತಿದ್ದಾಗ ಗಕ್ಕನೆ ಹಿಡಿದುಕೊಂಡು, ಕಾರು ಪಲ್ಟಿಯಾಗಿ, ಓಡಿಸುತ್ತಿದ್ದ ವೀರಭದ್ರ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಎಂಜಿನ್ ಕಟ್ಟಿಕೊಟ್ಟ ಗುರುಲಿಂಗನೇ ಬೇಕೆಂದು ಅದನ್ನು ಕೆಡಿಸಿದ್ದಾನೆ ಎಂದು ವೀರಭದ್ರನ ತಾಯಿ ಜಗದೇವಿ ದೂರು ಬರೆಸಿದ್ದರು.

"ಮೇಡಂ, ಸಂಜಿ ತನಕ ಇವ ನಿಮ್ಮವ," ಎಂದರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದ ಎಸ್ಸೈ ಭೀಮಶಾ. "ಆಮ್ಯಾಲ ನಮ್ಮವ."

ಭೀಮಶಾ ಕೆಟ್ಟ ಮನುಷ್ಯನಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ, ಅಷ್ಟೆ.

ಗುರುಲಿಂಗ ಒಂದು ಸಲ ಠಾಣೆಯ ಮೆಟ್ಟಿಲು ಹತ್ತಿದರೆ ಮುಗಿಯಿತು. ಜಹೀರಾಬಾದಿನ ಹೆದ್ದಾರಿಯ ಪಕ್ಕದ ಈ ತಗಡಿನ ಶೆಡ್ಡಿಗೆ ಹೈದರಾಬಾದಿನಿಂದ ಹುಡುಕಿಕೊಂಡು ಜನ ಬರುವುದು ಅವನ ಕೈಯ ಮೇಲಿನ ಭರೋಸೆಯಿಂದ. ಓಡಿಸುವವನನ್ನೇ ಕೊಲ್ಲಲು ಹೊರಟವನು ಎಂಬ ಮಾತು ಅಂಟಿಕೊಂಡರೆ, ಮುಂದೆ ನಿರ್ದೋಷಿ ಎಂದು ಯಾವ ಕೋರ್ಟು ಹೇಳಿದರೂ ಅವನ ಹತ್ತಿರ ಒಬ್ಬರೂ ಪ್ಲಗ್ ಕೂಡ ಬಿಚ್ಚಿಸುವುದಿಲ್ಲ. ಅವನ ಅವ್ವ ಮೋನಮ್ಮ ನನ್ನ ಮನೆಯ ಕಟ್ಟೆಯ ಮೇಲೆ ಕೂತು, ಎಂಜಿನ್ ನೋಡಿಕೊಡಿ ಎಂದು ಬೇಡಿಕೊಂಡಾಗ ಹೇಳಿದ್ದೂ ಅದನ್ನೇ.

"ಇದು ಹ್ಯಾಂಗ ಕೆಲಸ ಮಾಡ್ತದ, ಸಾಯೇಬ್ರಿಗಿ ಒಮ್ಮಿ ಹೇಳು," ಎಂದೆ. ನನಗೆ ಗೊತ್ತಿತ್ತು. ಅವನು ಕೈಕಟ್ಟಿ ಮೂಲೆ ಹಿಡಿದು ನಿಂತದ್ದು ನೋಡಲಾಗಲಿಲ್ಲ.

ಎಂಜಿನ್ನಿನ ಮಾತು ಬಂದದ್ದೇ ಗುರುಲಿಂಗನ ಬೆನ್ನು ನೆಟ್ಟಗಾಯಿತು.

"ಟರ್ಬೋ ಅಂದ್ರ ಬಾಯಿಗಿ ಪಂಪ್ ಹಚ್ಚಿ ಗಾಳಿ ತುರುಕದ್ರಿ. ಇದಕ್ಕ ಅದಿಲ್ಲ. ತನ್ನ ಉಸುರು ತಾನ ಎಳಕೊಂಡು ಓಡಬೇಕು. ಅದಕ್ಕ ಹೆಡ್ಡಿನೊಳಗಿನ ಗಾಳಿ ದಾರಿ ನಾನ ಕೈಲೆ ತಿಕ್ಕಿ ನುಣ್ಣಗ ಮಾಡೀನಿ. ಗಾಳಿ ಒತ್ತೋ ಕಂಪ್ರೆಶನ್ ಏರಸೀನಿ. ವಾಲ್ವ್ ಎತ್ತೋ ಕ್ಯಾಮ್ ಬ್ಯಾರೆ ಹಾಕೀನಿ. ಮತ್ತ ನಾಕ್ ಸಿಲಿಂಡರಿಗಿ ನಾಕ್ ಬ್ಯಾರೆ ಬ್ಯಾರೆ ಬಾಯಿ."

ಆ ಬಾಯಿಗಳು ಮೇಜಿನ ಮೇಲಿದ್ದವು. ಪುಟ್ಟ ಕಹಳೆಗಳಂಥ ನಾಲ್ಕು ಅಲ್ಯೂಮಿನಿಯಂ ಕೊಳವೆಗಳು. ಟ್ಯೂನ್ ಮಾಡುವಾಗ ಮೇಲಿನ ಫಿಲ್ಟರ್ ಡಬ್ಬಿ ಬಿಚ್ಚಿಟ್ಟರೆ ಅವು ನಾಲ್ಕೂ ಹಸಿದ ಮರಿಗಳ ಹಾಗೆ ಬಾಯಿ ತೆರೆದುಕೊಂಡಿರುತ್ತವೆ. ನಾಲ್ಕೂ ಸಮನಾಗಿ ಉಸಿರೆಳೆಯುವವರೆಗೆ ಗುರುಲಿಂಗ ಒಂದೊಂದಕ್ಕೇ ಕಿವಿಗೊಟ್ಟು ಕೂರುತ್ತಾನೆ.

"ಚಂದ ಹೇಳ್ತಿ," ಎಂದರು ಭೀಮಶಾ. "ಆದ್ರ ವಾಲ್ವ್ ತಿಕ್ಕೋ ಮಸಾಲಿ ಡಬ್ಬಿ ನಿನ್ನ ಶೆಡ್ಡಿನಾಗ ಸಿಕ್ಕದ. ಕೊರೆಯೋ ಮಾಲು. ಮತ್ತೊಬ್ಬರ ಕೈಯಾಗ ಎಲ್ಲಿಂದ ಬರ್ತದ?"

ನಾನು ಆ ಡಬ್ಬಿ ತೆಗೆದು ಒಂದಿಷ್ಟು ಅವರ ಹೆಬ್ಬೆರಳಿಗೆ ಸವರಿದೆ. ಎಸ್ಸೈ ಸಾಹೇಬರು ಮುಖ ಸಿಂಡರಿಸಿ ಕರವಸ್ತ್ರ ಹುಡುಕಿದರು. ಜಿಡ್ಡು ಸುಲಭಕ್ಕೆ ಹೋಗಲಿಲ್ಲ.

ಆಮೇಲೆ ಒಂದು ಕೊಳವೆ ಎತ್ತಿ, ಒಳಗಿನ ಅಂಚನ್ನು ಹತ್ತಿಯಿಂದ ಒರೆಸಿ ತೋರಿಸಿದೆ. ಹತ್ತಿಗೆ ಬೂದುಬಣ್ಣದ ಪುಡಿ ಅಂಟಿತು. ಒಣ ಪುಡಿ. ಎಣ್ಣೆಯ ಸುಳಿವಿಲ್ಲ.

"ಮಸಾಲಿ ಅಲ್ಲ ಇದು. ಎಣ್ಣಿ ತೂತಿನಾಗ ಹಾಕಿದ್ದೂ ಅಲ್ಲ, ಕೆಳಗಿನ ಬೇರಿಂಗ್ ಎಲ್ಲಾ ಛಲೋ ಅವ. ಬಾಯಿಂದ ಒಳಗ ಹೋಗ್ಯದ. ಮತ್ತ ನಾಕ್ ಬಾಯಿಗೂ ಸಮ ಸಮ."

"ಸಮ ಆದ್ರ ಏನಾತು?"

"ಕೆಡಸಬೇಕಂದವ ಒಂದ್ರಾಗ ಸುರದು ಓಡಿ ಹೋಗ್ತಿದ್ದ, ಸಾಯೇಬ್ರ. ಒಂದಕ್ಕ ಹಾಕಿ ಇನ್ನೊಂದಕ್ಕ ಬಿಡಬಾರದು ಅಂತ ಯಾರು ನೋಡ್ತಾರ? ನಿಮ್ಮ ಮನಿಯಾಗ ನಾಕ್ ಮಕ್ಕಳಿಗಿ ಯಾರು ಹಂಚತಾರ?"

ಭೀಮಶಾ ಇನ್ನೂ ಹೆಬ್ಬೆರಳು ತಿಕ್ಕಿಕೊಳ್ಳುವುದರಲ್ಲೇ ಇದ್ದರು.

ಆಗಲೇ ನನ್ನ ಕಣ್ಣು ಎಂಜಿನ್ನಿನ ಮೇಲ್ಮುಚ್ಚಳದ ಮೇಲೆ ಬಿದ್ದದ್ದು. ಮಸಿ ಹಿಡಿದ ಆ ಮುಚ್ಚಳದ ಮೇಲೆ ಅಡ್ಡಕ್ಕೆ ಮೂರು ಗೆರೆ. ವಿಭೂತಿ. ಎಲ್ಲರೂ ಅದನ್ನು ನೋಡಿದ್ದರು, ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೂಜೆಯ ಗುರುತಿಲ್ಲದ ಗಾಡಿ ನಮ್ಮ ಕಡೆ ಎಲ್ಲಿದೆ?

ಆದರೆ ಗುರುಲಿಂಗನ ಶೆಡ್ಡಿನಲ್ಲಿ ಸ್ಪ್ಯಾನರ್ ಪೆಟ್ಟಿಗೆಯಿಂದ ಹಿಡಿದು ಜ್ಯಾಕಿನವರೆಗೆ ಎಲ್ಲಕ್ಕೂ ಹಳದಿ. ಕುರಿ ಕಾಯುವ ಮನೆತನ ಅವರದು, ನಮ್ಮದೂ ಅದೇ. ಪೂಜೆ ಎಂದರೆ ನಮ್ಮ ಕೈ ಭಂಡಾರಕ್ಕೆ ಹೋಗುತ್ತದೆ, ಬೀರಪ್ಪನ ಹೆಸರಿನ ಅರಿಸಿನದ ಪುಡಿಗೆ. ವಿಭೂತಿಯ ಮೂರು ಬೆರಳು ಈ ಶೆಡ್ಡಿನದಲ್ಲ.

"ಇದು ನೀ ಹಚ್ಚಿದ್ದೇನು?"

ಗುರುಲಿಂಗ ಬಗ್ಗಿ ನೋಡಿದ. "ಇಲ್ರಿ. ಗಾಡಿ ಪಲ್ಟಿ ಆದ ದಿನ ನಾ ಪೆಟ್ರೋಲ್ ತರಾಕ ಹೋಗಿದ್ದೆ. ವೀರಭದ್ರಣ್ಣ, ಅವರವ್ವ ಇಬ್ಬರ ಇಲ್ಲಿದ್ರು. ಹೊಳ್ಳಿ ಬರೋದ್ರಾಗ ಅಣ್ಣ ತಾನ ಫಿಲ್ಟರ್ ಡಬ್ಬಿ ಕೂಡಿಸಿ ನಟ್ ಬಿಗದು ನಿಂತಿದ್ದ. 'ಲೇಟಾಗ್ತದ, ನಡಿ' ಅಂದ."

"ನೀ ತಗದು ನೋಡ್ಲಿಲ್ಲ?"

"ಗಾಡಿ ಅವಂದ, ಓಡಸಂವ ಅವ. ಯಾಕ ನೋಡ್ಲಿ?"

ನಾನು ಸಿಲಿಂಡರಿನೊಳಗೆ ಓಡಾಡುವ ಪಿಸ್ಟನ್ ಒಂದನ್ನು ಕೈಚೀಲಕ್ಕೆ ಹಾಕಿ, ಹೆಗಲಿಗೇರಿಸಿಕೊಂಡು, ಜಗದೇವಿಯ ಊರು ನಾರಾಯಣಖೇಡದ ಬಸ್ಸು ಹಿಡಿದೆ.

* * *

ದಾರಿಯುದ್ದಕ್ಕೂ ಕಬ್ಬಿನ ಲಾರಿಗಳು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಭೀಮಶಾ ಹೇಳಿದ ಸಂಜೆ ಬಸ್ಸಿಗಿಂತ ಜೋರಾಗಿ ಓಡುತ್ತಿತ್ತು, ನನಗೋ ಡ್ರೈವರನನ್ನು ಎಬ್ಬಿಸಿ ನಾನೇ ಕೂತುಬಿಡಲೇ ಎನ್ನಿಸುವಷ್ಟು ಸಿಟ್ಟು.

ಜಗದೇವಿ ಆಸ್ಪತ್ರೆಯಿಂದ ಬೆಳಿಗ್ಗೆಯಷ್ಟೇ ಮನೆಗೆ ಬಂದಿದ್ದರು. ಮಗನ ಹತ್ತಿರ ಸೊಸೆ ಭಾಗ್ಯ ಇದ್ದಳು. ವೀರಭದ್ರ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇಟ್ಟುಕೊಂಡವನು, ತಾಯಿ ಮಾತ್ರ ನಾರಾಯಣಖೇಡದ ಮನೆ ಬಿಟ್ಟು ಹೋದವರಲ್ಲ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಅತ್ತು ಅತ್ತು ಬಾತ ಕಣ್ಣು.

"ಗುರುಲಿಂಗನ ಕಡಿಂದ ಬಂದೀರಂದ್ರ ಹೊರಗ ನಿಂದ್ರಿ," ಎಂದರು.

"ಗಾಡಿ ಕಡಿಂದ ಬಂದೀನಿ," ಎಂದು ಒಳಗೆ ಕಾಲಿಟ್ಟೆ. "ಒಂದ ಮಾತು ಕೇಳಿ ಹೋಗ್ತೀನಿ. ಎಂಜಿನ್ ಮ್ಯಾಲ ವಿಭೂತಿ ಹಚ್ಚಿದವರು ಯಾರು?"

"ನಾನ ಹಚ್ಚೀನಿ. ನನ್ನ ಮಗನ ಗಾಡಿ. ಅದೂ ತಪ್ಪೇನು?"

"ತಪ್ಪಲ್ಲ. ಹಣಿಗಿ ಹಚ್ಚಿ ಸುಮ್ಮನ ಬಿಟ್ರ್ಯಾ?"

"ಏನಂತ ಕೇಳ್ತೀರಿ?"

"ಮಕ್ಕಳು ಊರಿಗಿ ಹೊಂಟಾಗ ನಿಮ್ಮ ಮನಿಯಾಗ ಏನು ಮಾಡ್ತೀರಿ, ಜಗದೇವಿಯಕ್ಕಾ?"

ಅವರ ತುಟಿ ಅಲ್ಲಾಡಿತು. ಬಲಗೈ ತಾನಾಗಿಯೇ ಎದ್ದು, ಮೂರು ಬೆರಳು ಗಾಳಿಯಲ್ಲಿ ಹಣೆಯ ಮೇಲೆ ಎಳೆದಂತೆ ಎಳೆದು, ಆಮೇಲೆ ಹೆಬ್ಬೆರಳು ತೋರುಬೆರಳು ಕೂಡಿಕೊಂಡು ಕೆಳಗಿಳಿದವು. ಹಣೆಗೆ ಹಚ್ಚುವುದು, ಒಂದು ಚಿಟಿಕೆ ಬಾಯಿಗೆ ಹಾಕುವುದು. ಅವರ ಕೈ ಎಲ್ಲವನ್ನೂ ಹೇಳಿಬಿಟ್ಟಿತು.

"ನಾಕ್ ಬಾಯಿ ಇದ್ವು," ಎಂದರು ಮೆಲ್ಲಗೆ. "ಒಂದಕ್ಕ ಹಾಕಿ ಮೂರಕ್ಕ ಬಿಟ್ರ ಛಲೋ ಕಾಣತದೇನು? ಒಂದೊಂದ ಚಿಟಿಕಿ ಹಾಕದೆ. ದೇವರ ಬೂದಿ. ಅದರಲೆ ಯಾರಿಗಿ ಏನಾಗ್ತದ?"

ನಾನು ಚೀಲದಿಂದ ಗೀರು ಬಿದ್ದ ಪಿಸ್ಟನ್ ತೆಗೆದು ಅವರ ಮುಂದಿಟ್ಟೆ.

ಇಂಥ ಕೆಲಸ ನನಗೆ ಎಂದೂ ಸೇರುವುದಿಲ್ಲ. ಕಳ್ಳನನ್ನು ಹಿಡಿದಾಗ ಖುಷಿಯಾಗುತ್ತದೆ, ತಾಯಿಯನ್ನು ಹಿಡಿದಾಗ ಏನಾಗಬೇಕು? ಆದರೂ ಹೇಳಿದೆ. ಆ ಎಂಜಿನ್ನಿನ ಒಳಗೆ ಕೂದಲೆಳೆಯಷ್ಟು ಜಾಗವೂ ದಂಡವಾಗದಂತೆ ಎಲ್ಲ ಬಿಗಿಯಾಗಿ ಕೂತಿರುತ್ತದೆ, ಬಾಯಿಗೆ ಬಿದ್ದ ಪುಡಿ ನೇರ ಅಲ್ಲಿಗೇ ಹೋಗುತ್ತದೆ, ಹೋದದ್ದು ತಿಕ್ಕಿ ತಿಕ್ಕಿ ಹಿಡಿದುಹಾಕಿದೆ ಎಂದು. ಗುರುಲಿಂಗನ ಕೈವಾಡ ಇದರಲ್ಲಿ ಏನೂ ಇಲ್ಲ ಎಂದು.

ಜಗದೇವಿ ಪಿಸ್ಟನ್ನಿನ ಗೀರುಗಳನ್ನು ಬೆರಳಿನಿಂದ ಸವರಿದರು. ಮಗುವಿನ ಮೈಮೇಲಿನ ಬಾಸುಂಡೆ ಸವರಿದ ಹಾಗೆ.

"ಅಂದ್ರ ನಾನ," ಎಂದರು. "ನಾನ ಕೈಯಾರ ಮಗನ್ನ..."

ಏನು ಹೇಳಿ ಸಮಾಧಾನ ಮಾಡುವುದು ಎಂದು ನಾನು ತಡಕಾಡುತ್ತಿದ್ದಾಗಲೇ ಅವರ ಫೋನು ಬಡಿದುಕೊಂಡಿತು. ಅವರು ಪಿಸ್ಟನ್ ಮೇಲಿನ ಕೈ ತೆಗೆಯಲಿಲ್ಲ. ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಅತ್ತಿ, ಅತ್ತಿ, ಎದ್ದಾರ್ರಿ." ಭಾಗ್ಯ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಕಣ್ಣು ತಗದಾರ. ನನ್ನ ಗುರ್ತು ಹಿಡದ್ರು. ಡಾಕ್ಟರ ಇನ್ನ ಅಂಜಿಕಿ ಇಲ್ಲಂದ್ರು. ಕಾಲು ಕೂಡಕೊಳ್ತದಂತ."

ಜಗದೇವಿ ಇದ್ದಲ್ಲೇ ಕುಸಿದು ಕೂತರು. ನಾನೂ ಪಕ್ಕದಲ್ಲಿ ಕೂತೆ.

"ಏನರ ಮಾತಾಡ್ಯಾನೇನು?" ಎಂದು ಕೇಳಿದರು.

"ಮೊದಲ ಕೇಳಿದ್ದ ಏನ್ ಗೊತ್ತದೇನ್ರಿ? 'ಅವ್ವನ ಹತ್ರ ಆ ಭಸ್ಮ ಇನ್ನ ಉಳದದೇನು' ಅಂತ. ಕಾಲು ಮುರದದ, ಅದ್ರ ಸುದ್ದಿ ಇಲ್ಲ. ಭಸ್ಮ ಕೇಳ್ತಾರ."

"ನನ್ನ ಮಗ," ಎಂದು ಜಗದೇವಿ ಗೋಡೆಗೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ನಕ್ಕುಬಿಟ್ಟರು. ನನಗೂ ನಗು ಬಂತು. ಇಬ್ಬರು ಮುದುಕಿಯರು ನಡುಮನೆಯಲ್ಲಿ ನೆಲಕ್ಕೆ ಕೂತು ನಕ್ಕೆವು.

ಅವರು ದೊಡ್ಡ ಹೆಂಗಸು ಎಂದು ನಾನು ಒಪ್ಪಿಕೊಂಡದ್ದು ಆಮೇಲೆ. ನಾನು ಕೇಳುವ ಮೊದಲೇ ಭೀಮಶಾರಿಗೆ ಫೋನು ಹಚ್ಚಿಸಿಕೊಂಡರು.

"ಸಾಯೇಬ್ರ, ಗುರುಲಿಂಗಂದು ತಪ್ಪಿಲ್ಲ. ನಂದ ತಪ್ಪು. ಬರದಿದ್ದು ವಾಪಸ್ ತಗೋತೀನಿ, ಎಲ್ಲಿ ಸಹಿ ಮಾಡಬೇಕು ಹೇಳ್ರಿ. ಆ ಹುಡುಗನ್ನ ಮುಟ್ಟಬ್ಯಾಡ್ರಿ."

ಅತ್ತ ಕಡೆಯಿಂದ ಭೀಮಶಾರದು "ಆತ್ರಿ, ಆತ್ರಿ" ಎಂದಷ್ಟೇ ಕೇಳಿಸಿತು.

ನಾನು ಗುರುಲಿಂಗನಿಗೆ ಫೋನಿನಲ್ಲಿ ತಿಳಿಸಿದೆ. ಅವನ ಹಿಂದೆ ಯಾವುದೋ ಗಾಡಿ ಹಾರ್ನ್ ಹೊಡೆಯುವುದು ಕೇಳುತ್ತಿತ್ತು.

"ವೀರಭದ್ರಣ್ಣಗ ಹ್ಯಾಂಗದ ಅಕ್ಕಾ?"

"ಎದ್ದಾನ. ಕಾಲು ಕೂಡಕೊಳ್ತದ."

"ಹಂಗಾದ್ರ ಸಾಕು. ಎಂಜಿನ್ ಮತ್ತ ಕಟ್ಟತೀನಿ. ಗೀರು ಬಿದ್ದ ಸಿಲಿಂಡರಿನಾಗ ಹೊಸಾ ಸ್ಲೀವ್ ಹಾಕಿದ್ರ ಬ್ಲಾಕ್ ಉಳಿತದ. ಜಗದೇವಿ ಅವ್ವಗ ಹೇಳ್ರಿ, ಸಿಟ್ಟಿಲ್ಲ ಅಂತ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅಂಥ ಹಗುರ ನನಗೆ ಬಹಳ ಕಾಲದಿಂದ ಆಗಿರಲಿಲ್ಲ. ಯಾರೂ ಕೆಟ್ಟವರಲ್ಲದ ಒಂದು ಪ್ರಕರಣ, ಇಷ್ಟು ವರ್ಷಗಳಲ್ಲಿ ಮೊದಲನೆಯದು. ಬೂದಿ ಮೆತ್ತನೆಯ ವಸ್ತುವಲ್ಲವೇ, ಇಷ್ಟು ಆಳಕ್ಕೆ ಕೊರೆಯುತ್ತದೆಯೇ ಎಂದು ಮನಸ್ಸಿನೊಳಗೆ ಏನೋ ಕೊಸರಾಡಿತು. ಸಂತೋಷದ ಹೊತ್ತಿನಲ್ಲಿ ನಿನ್ನದೇನು ತಕರಾರು ಎಂದು ಅದರ ಬಾಯಿ ಮುಚ್ಚಿಸಿದೆ.

* * *

ಜಗದೇವಿ ಚಹಾ ಮಾಡಿದರು. ಸಕ್ಕರೆ ಹೆಚ್ಚಾಗಿತ್ತು, ಕುಡಿದೆ. ಹೊರಡಲು ಎದ್ದಾಗ ಹೋಗಗೊಡಲಿಲ್ಲ.

"ಛಲೋ ಸುದ್ದಿ ತಂದೀರಿ, ಹಂಗ ಬರೇ ಹಣಿಲೆ ಹೋಗ್ತೀರೇನು?"

ದೇವರ ಜಗುಲಿಯ ಮೇಲಿನ ಬಟ್ಟಲು ನೋಡಿದರು. ಖಾಲಿ. ಇದ್ದುದನ್ನೆಲ್ಲ ಮಗನ ದಿಂಬಿನ ಕೆಳಗಿಡಲು ಆಸ್ಪತ್ರೆಗೆ ಒಯ್ದಿದ್ದರಂತೆ. ಗೂಡಿನಲ್ಲಿ ತಡಕಾಡಿ ಒಂದು ಪುಡಿಕೆ ತೆಗೆದರು.

"ಇದು ಗಾಡಿಗಂತ ಬ್ಯಾರೆ ಇಟ್ಟದ್ದು. ಝರಾಸಂಗಮ ದೇವರದು. ನಡೀತದ."

ನಾನು ತಲೆ ಬಗ್ಗಿಸಿದೆ. ಭಂಡಾರದ ಮನೆಯವಳಾದರೂ ಯಾವ ದೇವರನ್ನೂ ನಾನು ಹಿಂದಕ್ಕೆ ಕಳಿಸುವುದಿಲ್ಲ. ಮೂರು ಬೆರಳು ಹಣೆಯ ಮೇಲೆ ಎಳೆದರು. ಚುರ್ ಎಂದಿತು. ಅವರ ಕೈ ಒರಟು ಎಂದುಕೊಂಡೆ.

"ಬಾಯಿ ತಗೀರಿ."

ತೆಗೆದೆ. ಒಂದು ಚಿಟಿಕೆ ನಾಲಿಗೆಯ ಮೇಲೆ ಬಿತ್ತು. ಬಾಯಿ ಮುಚ್ಚಿದೆ.

ಕರ್ ಎಂದಿತು.

ಹಲ್ಲಿನ ನಡುವೆ, ಸೋಸದ ರಾಗಿಯಲ್ಲಿ ಉಳಿದ ಮರಳಿನ ಹಾಗೆ. ನಾನು ಇನ್ನೊಮ್ಮೆ ಹಲ್ಲು ಕೂಡಿಸಿದೆ. ಮತ್ತೆ ಕರ್ ಎಂದಿತು. ವಿಭೂತಿ ನಾನೂ ತಿಂದಿದ್ದೇನೆ, ನಾಲಿಗೆಯ ಮೇಲೆ ಸುಣ್ಣದಂತೆ ಕರಗುತ್ತದೆಯೇ ಹೊರತು ಹಲ್ಲಿಗೆ ಎದುರು ನಿಲ್ಲುವುದಿಲ್ಲ.

"ಯಾಕ್ರಿ ಯಕ್ಕಾ, ಮಾರಿ ಹಂಗ್ಯಾಕ ಮಾಡದ್ರಿ?"

"ಏನಿಲ್ಲ. ಸ್ವಲ್ಪ ಆ ಪುಡಿಕಿ ಕೊಡ್ರಿ, ನಮ್ಮ ಮನಿಗೂ ಒಯ್ತೀನಿ."

ಪುಡಿಕೆ ಕೈಗೆ ಬಂತು. ಕಿಟಕಿಯ ಹತ್ತಿರ ನಿಂತು, ಕನ್ನಡಕ ತೆಗೆದು, ಅದರ ಗಾಜಿನ ಮೇಲೆ ಒಂದಿಷ್ಟು ಹಾಕಿ ಬೆರಳಿನಿಂದ ತಿಕ್ಕಿದೆ. ಊದಿ ನೋಡಿದೆ.

ಗಾಜಿನ ತುಂಬ ಗೀರು.

ಬಿಳಿ ಬೂದಿಯ ನಡುವೆ ಅಲ್ಲಲ್ಲಿ ಕಪ್ಪು ಕಾಳು ಮಿಣಕ್ ಮಿಣಕ್ ಎನ್ನುತ್ತಿತ್ತು. ಅದು ಏನು ಎಂದು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಾಂಡೂರಿನ ಕಲ್ಲನ್ನು ಕನ್ನಡಿಯಾಗಿಸುವ ಪಾಲಿಶ್ ಪುಡಿ. ಅಲ್ಲಿನ ಪ್ರತಿ ಕಾರ್ಖಾನೆಯಲ್ಲೂ ಚೀಲಗಟ್ಟಲೆ ಬಿದ್ದಿರುತ್ತದೆ. ಕಲ್ಲನ್ನೇ ಸವೆಸುವುದು ಪಿಸ್ಟನ್ನನ್ನು ಬಿಡುತ್ತದೆಯೇ?

ದನಿ ಆದಷ್ಟು ಸಾದಾ ಇಟ್ಟುಕೊಂಡು ಕೇಳಿದೆ. "ಝರಾಸಂಗಮಕ್ಕ ನೀವ ಹೋಗಿದ್ರ್ಯಾ?"

"ನನಗೆಲ್ಲಿ ಆಗ್ತದ್ರಿ, ಮೊಣಕಾಲ್ ನೋವು. ವೀರಭದ್ರನ ತಂದ. ಶೆಡ್ಡಿನಾಗ ಕೈಯಾಗ ಕೊಟ್ಟು, 'ಅವ್ವಾ, ನೀನ ಹಾಕು, ನಾಕೂ ಬಾಯಿಗಿ ಹಾಕು, ನಿನ್ನ ಕೈ ಗುಣ ಛಲೋ ಅದ' ಅಂದ." ಹೇಳುತ್ತ ಹೇಳುತ್ತ ಅವರ ಮುಖ ಅರಳಿತು. "ದೇವರು ದಿಂಡರು ಅಂದ್ರ ನಗ್ತಿದ್ದ ಹುಡುಗ. ಅವತ್ತು ತಾನಾಗೇ ತಂದಿದ್ದ."

ಗುರುಲಿಂಗ ಇಲ್ಲದ ಹೊತ್ತು. ತಾಯಿಯ ಕೈ. ಆಮೇಲೆ ಮಗನೇ ಅವಸರದಲ್ಲಿ ಬಿಗಿದ ಫಿಲ್ಟರ್ ಡಬ್ಬಿ. ಕಣ್ಣು ಬಿಟ್ಟವನು ಮುರಿದ ಕಾಲನ್ನು ಕೇಳಲಿಲ್ಲ, ಭಸ್ಮವನ್ನು ಕೇಳಿದ. ಸ್ವಲ್ಪ ಹೊತ್ತಿನ ಹಿಂದೆ ಅದೇ ಮಾತಿಗೆ ನಾವಿಬ್ಬರೂ ನಕ್ಕಿದ್ದೆವು.

ತನ್ನ ಗಾಡಿಯನ್ನು, ತಾನೇ ಓಡಿಸುವ ಗಾಡಿಯನ್ನು, ವಿಮೆಯ ದುಡ್ಡಿಗೆಂದು ಯಾರಾದರೂ ಹೀಗೆ ಕೆಡಿಸಿಕೊಳ್ಳುತ್ತಾರೆಯೇ? ಅದಕ್ಕೆ ಹೆತ್ತವಳ ಕೈಯನ್ನು ಯಾಕೆ ಬಳಸಬೇಕು? ಇಲ್ಲ, ಅವನಿಗೂ ಈ ಪುಡಿಕೆಯನ್ನು ಬೇರೆ ಯಾರೋ ಕೊಟ್ಟಿದ್ದರೇ?

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಜಗದೇವಿ ತಾವೇ ಎತ್ತಿ ಸ್ಪೀಕರಿಗೆ ಹಾಕಿದರು.

"ಅತ್ತಿ, ಇವರು ಸುಮ್ಮನ ಮಲಗವಲ್ಲರು," ಎಂದಳು ಭಾಗ್ಯ. "ಮತ್ತ ಮತ್ತ ಅದನ್ನ ಕೇಳಾಕತ್ತಾರ. ಭಸ್ಮ ಉಳದಿದ್ರ ಯಾರ ಕೈಗೂ ಕೊಡಬ್ಯಾಡಂತ. ಈಗಿಂದೀಗ ನೀರಿಗಿ ಬಿಡಬೇಕಂತ. ಬಿಟ್ಟ ಮ್ಯಾಲ ಫೋನ್ ಮಾಡು ಅಂತ ಹೇಳ್ಯಾರ."

"ಆತು, ಬಿಡ್ತೀನಿ ಅಂತ ಹೇಳು," ಎಂದು ಜಗದೇವಿ ಫೋನು ಇಟ್ಟರು. ನನ್ನ ಕಡೆ ತಿರುಗಿ ಅಂಗೈ ಚಾಚಿದರು. ಮುಖದಲ್ಲಿ ಇನ್ನೂ ಆ ನಗು ಆರಿರಲಿಲ್ಲ.

"ಕೊಡ್ರಿ ಯಕ್ಕಾ. ನಿಮಗ ಬ್ಯಾರೆ ತರಸ್ತೀನಿ. ಮಗ ಹೇಳ್ಯಾನ."

ನಾನು ಪುಡಿಕೆಯನ್ನು ಮಡಚಿದೆ. ಸೆರಗಿನ ತುದಿಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಚಾಚಿದ ಕೈ ಚಾಚಿದಂತೆಯೇ ಇತ್ತು. ಜಗದೇವಿ ನನ್ನ ಗೀರು ಬಿದ್ದ ಕನ್ನಡಕವನ್ನು ನೋಡಿದರು, ಸೆರಗಿನ ಗಂಟನ್ನು ನೋಡಿದರು, ನೆಲದ ಮೇಲೆ ಇನ್ನೂ ಬಿದ್ದಿದ್ದ ಪಿಸ್ಟನ್ನನ್ನು ನೋಡಿದರು.

"ಯಕ್ಕಾ," ಎಂದರು ಬಹಳ ಮೆಲ್ಲಗೆ. "ನನ್ನ ಮಗ ನನ್ನ ಕೈಲೆ ಏನು ಹಾಕಸ್ಯಾನ?"